ಪಾಯಿಂಟ್ ತೆರೆಯುವ ಗಳಿಗೆ

ಮೈಸೂರಿನ ಯಾದವಗಿರಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ, ಮರುವರ್ಷದಿಂದ ಚೆಕೊಸ್ಲೊವಾಕಿಯಾ ಮೂಲದ ಜಾವಾ ಮೋಟಾರ್‌ಸೈಕಲನ್ನೂ 1973ರಿಂದ ಯೆಜ್ಡಿ ಎಂಬ ಹೆಸರಿನ ಬಂಡಿಗಳನ್ನೂ ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದರೂ, ಅಲ್ಲಿಂದ ಹೊರಬಂದ ಬಂಡಿಗಳು ಇಂದಿಗೂ ರಸ್ತೆಯಲ್ಲಿವೆ. ಅವನ್ನು ಓಡುವಂತೆ ಕಾಯ್ದುಕೊಂಡು ಬಂದ ಕಸುಬಿನಲ್ಲಿ ಎಲ್ಲಕ್ಕಿಂತ ನಾಜೂಕಾದದ್ದು ಇಗ್ನಿಷನ್, ಅಂದರೆ ಸಿಲಿಂಡರಿನೊಳಗೆ ಕಿಡಿ ಹುಟ್ಟಿಸುವ ವ್ಯವಸ್ಥೆಯ ರಿಪೇರಿ.

ಬಂಡಿ ಸ್ಟಾರ್ಟ್ ಆಗದಿದ್ದರೆ ಮೊದಲು ಬಿಚ್ಚುವುದು ಪ್ಲಗ್ಗನ್ನು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನೊಡನೆ ಎಣ್ಣೆಯೂ ಉರಿಯುವುದರಿಂದ ಪ್ಲಗ್ಗಿನ ತುದಿಗೆ ಮಸಿ ಹಿಡಿಯುವುದು ಸಹಜ; ತುದಿ ಕಾಫಿಪುಡಿಯ ಬಣ್ಣದಲ್ಲಿದ್ದರೆ ಉರಿ ಸರಿಯಾಗಿದೆಯೆಂದೂ, ಕಪ್ಪಾಗಿ ಜಿಡ್ಡುಗಟ್ಟಿದ್ದರೆ ಎಣ್ಣೆ ಅಥವಾ ಪೆಟ್ರೋಲ್ ಹೆಚ್ಚಾಗಿದೆ ಇಲ್ಲವೇ ಕಿಡಿ ದುರ್ಬಲವಾಗಿದೆಯೆಂದೂ, ಬಿಳಿಚಿಕೊಂಡಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆಯೆಂದೂ ತಿಳಿಯಬೇಕು. ಕೆಲವೊಮ್ಮೆ ಎರಡು ತುದಿಗಳ ನಡುವಿನ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚಿನ ಗ್ಯಾಪಿಗೆ ಕೂದಲೆಳೆಯಂಥ ಕಾರ್ಬನ್ ಅಡ್ಡಬಿದ್ದು, ಚೆನ್ನಾಗಿ ಓಡುತ್ತಿದ್ದ ಬಂಡಿ ತಟ್ಟನೆ ನಿಂತುಬಿಡುವುದೂ ಉಂಟು.

ಆದರೆ ಪ್ಲಗ್ಗು ಹೊರುವ ದೂರಿನಲ್ಲಿ ಬಹುಪಾಲು ಬೇರೆಯವರದು. ಎಂಜಿನ್ನಿನ ಬಲಮಗ್ಗುಲ ಮುಚ್ಚಳದೊಳಗೆ ಡೈನಮೋದ ಜೊತೆಗಿರುವ ಕಾಂಟ್ಯಾಕ್ಟ್ ಬ್ರೇಕರ್, ಗ್ಯಾರೇಜಿನ ಮಾತಿನಲ್ಲಿ ಪಾಯಿಂಟ್, ಎರಡು ಪುಟ್ಟ ಲೋಹದ ಬಿಲ್ಲೆಗಳ ಜೋಡಿ. ಅವು ಕೂಡಿದ್ದಾಗ ಬ್ಯಾಟರಿಯ ವಿದ್ಯುತ್ತು ಕಾಯಿಲಿನಲ್ಲಿ ಹರಿದು ಕಾಂತಕ್ಷೇತ್ರ ಕಟ್ಟುತ್ತದೆ. ಅಗಲಿದೊಡನೆ ಆ ಕ್ಷೇತ್ರ ಕುಸಿದು, ಸಾವಿರಾರು ವೋಲ್ಟಿನ ಒತ್ತಡ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿಯಾಗಿ ಹಾರುತ್ತದೆ. ಅಗಲುವಾಗ ಬಿಲ್ಲೆಗಳ ನಡುವೆಯೇ ಬೆಂಕಿ ಏಳದಂತೆ ತಡೆಯುವುದು ಕಂಡೆನ್ಸರ್. ಪಾಯಿಂಟಿನಲ್ಲಿ ಜೋರು ಬೆಳಕು ಮಿಂಚಿ ಪ್ಲಗ್ಗಿನಲ್ಲಿ ಮಂಕು ಹಳದಿ ಕಿಡಿ ಕಂಡರೆ ಕಂಡೆನ್ಸರಿನ ಆಯುಸ್ಸು ಮುಗಿದಂತೆ. ತಣ್ಣಗಿದ್ದಾಗ ಓಡಿ, ಕಾದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಓಡುವ ಬಂಡಿಯಲ್ಲಿ ಕಾಯಿಲನ್ನೂ ಅನುಮಾನಿಸಬೇಕು. ಈ ಬಂಡಿಗಳ ಹಳೆಯ ಮಾದರಿಗಳದ್ದು 6 ವೋಲ್ಟಿನ ವ್ಯವಸ್ಥೆ: ತುಕ್ಕು ಹಿಡಿದ ಒಂದು ಜೋಡಣೆ ಒಂದೇ ವೋಲ್ಟನ್ನು ನುಂಗಿದರೂ ಒತ್ತಡದ ಆರರಲ್ಲೊಂದು ಪಾಲು ಹೋಯಿತೆಂದೇ ಅರ್ಥ, ಆದ್ದರಿಂದ ಹೊಸ ಬಿಡಿಭಾಗ ಕೊಳ್ಳುವ ಮೊದಲು ಅರ್ತ್ ತಂತಿಯನ್ನು ಉಜ್ಜಿ ನೋಡುವುದೇ ಜಾಣತನ.

ಇಷ್ಟೆಲ್ಲ ಪರೀಕ್ಷೆಯಲ್ಲಿ ನಿಜವಾಗಿ ಬೆರಗು ಹುಟ್ಟಿಸುವುದು ಟೈಮಿಂಗ್ ಕೂಡಿಸುವ ಕೆಲಸ. ಪಿಸ್ಟನ್ ತನ್ನ ತುತ್ತತುದಿ ಮುಟ್ಟುವುದಕ್ಕೆ ಸುಮಾರು 3 ಮಿ.ಮೀ. ಇರುವಾಗಲೇ ಕಿಡಿ ಹಾರಬೇಕು. ಪ್ಲಗ್ಗಿನ ತೂತಿನಿಂದ ಗುರುತು ಮಾಡಿದ ಕಡ್ಡಿಯೊಂದನ್ನು ಇಳಿಬಿಟ್ಟು ಪಿಸ್ಟನ್ನಿನ ಎತ್ತರ ಅಳೆದು, ಫೀಲರ್ ಗೇಜಿನಿಂದ ಪಾಯಿಂಟಿನ ಗ್ಯಾಪನ್ನು 0.4 ಮಿ.ಮೀ.ಗೆ ಕೂಡಿಸಿ, ಆಮೇಲೆ ಬಿಲ್ಲೆಗಳ ನಡುವೆ ಸಿಗರೇಟಿನ ತೆಳುಕಾಗದ ಸಿಕ್ಕಿಸಿ, ಒಂದು ಕೈಯಲ್ಲಿ ಕಾಗದವನ್ನು ಮೆಲ್ಲಗೆ ಎಳೆಯುತ್ತ ಇನ್ನೊಂದರಲ್ಲಿ ಎಂಜಿನ್ನನ್ನು ಕೂದಲಷ್ಟು ಕೂದಲಷ್ಟಾಗಿ ತಿರುಗಿಸಲಾಗುತ್ತದೆ. ಬಿಗಿಯಾಗಿದ್ದ ಕಾಗದ ಜಾರಿದ ಗಳಿಗೆಯೇ ಕಿಡಿಯ ಗಳಿಗೆ. ಕಡ್ಡಿಯ ಗುರುತು ಆಗ ಹೊಂದದಿದ್ದರೆ ಪಾಯಿಂಟ್ ಕೂರಿಸಿದ ಪ್ಲೇಟಿನ ಸ್ಕ್ರೂ ಸಡಿಲಿಸಿ ಮತ್ತೆ ಮೊದಲಿನಿಂದ. ಚಿಕ್ಕ ಬಲ್ಬು ಜೋಡಿಸಿಯೂ ಈ ಗಳಿಗೆಯನ್ನು ಹಿಡಿಯಬಹುದು, ಆದರೆ ಕಾಗದಕ್ಕೆ ಬ್ಯಾಟರಿಯ ಹಂಗಿಲ್ಲ.

ಪಾಯಿಂಟನ್ನೇ ಕಿತ್ತುಹಾಕಿ 12 ವೋಲ್ಟಿನ ಇಲೆಕ್ಟ್ರಾನಿಕ್ ಇಗ್ನಿಷನ್ ಕೂಡಿಸುವುದು ಈಗ ಸಾಮಾನ್ಯವಾಗಿದೆ. ದಿನವೂ ಬಂಡಿ ಓಡಿಸುವವರಿಗೆ ಅದು ಒದಗಿಸುವ ನೆಮ್ಮದಿ ದೊಡ್ಡದು, ಅದನ್ನು ದೂರುವುದು ನ್ಯಾಯವಲ್ಲ. ಆದರೆ ಬಲಮಗ್ಗುಲ ಮುಚ್ಚಳ ಬಿಚ್ಚುವ ಸಂದರ್ಭವೇ ಬರದಿದ್ದರೆ, ಕಾಗದ ಎಷ್ಟು ಬಿಗಿಯಿರಬೇಕು, ಎಷ್ಟು ಸಡಿಲವಾದಾಗ ಕೈ ನಿಲ್ಲಿಸಬೇಕು ಎಂಬುದನ್ನು ಕಲಿಯಲು ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ಕೂರುವ ಹುಡುಗನ ಕೈಗೆ ಆ ಕಾಗದದ ತುದಿಯನ್ನು ಕೊಡುವವರೂ ಇರುವುದಿಲ್ಲ.