ನೇತ್ರಾಣಿಯ ಹವಳವೂ ಬಯಲುಸೀಮೆಯ ನಾವೂ

ಬೈಲಹೊಂಗಲ ಸೀಮೆಯವರಾದ ನಮಗೆ ಸಮುದ್ರವೆಂಬುದು ಎಂದೋ ಒಮ್ಮೆ ಕಾಣುವ ಸೋಜಿಗ. ಎರೆಹೊಲ, ಹತ್ತಿ, ಜೋಳ, ಮಲಪ್ರಭೆಯ ನೀರು, ಇವೇ ನಮ್ಮ ನಿತ್ಯದ ಲೋಕ. ಚಳಿಗಾಲ ಬಂದೊಡನೆ ನಮ್ಮ ಶಾಲೆಗಳ ಮಕ್ಕಳು ಬಸ್ಸು ಹತ್ತಿ, ಧಾರವಾಡ ಹುಬ್ಬಳ್ಳಿಗಳನ್ನು ದಾಟಿ, ಘಟ್ಟವಿಳಿದು ಮುರುಡೇಶ್ವರಕ್ಕೆ ಹೋಗುವರು. ದೇವರ ದರ್ಶನ ಮಾಡಿ, ತೆರೆಗಳಲ್ಲಿ ಕಾಲು ತೋಯಿಸಿಕೊಂಡು ಮರಳುವರು. ಆ ದಂಡೆಯಿಂದ ಸುಮಾರು 19 ಕಿಲೋಮೀಟರು ದೂರ ಕಡಲೊಳಗೆ ನೇತ್ರಾಣಿಯೆಂಬ ನಿರ್ಜನ ದ್ವೀಪವಿರುವದನ್ನೂ, ಅದರ ಬುಡದಲ್ಲಿ ಜೀವಂತ ಹವಳದ ವನವೊಂದು ಇರುವದನ್ನೂ ನಮ್ಮಲ್ಲಿ ಬಲ್ಲವರು ಬಹುಕಾಲ ವಿರಳವಾಗಿದ್ದರು. ಈಗ ಹಾಗಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿಗಿಳಿಯುವ ಸ್ಕೂಬಾ ಎಂಬ ವಿದ್ಯೆ ಅಲ್ಲಿ ನೆಲೆಗೊಂಡಿದೆ. 2022ರ ಅಕ್ಟೋಬರದಲ್ಲಿ ತೆರೆಕಂಡ ‘ಗಂಧದ ಗುಡಿ’ ಚಿತ್ರದಲ್ಲಿ ದಿವಂಗತ ಪುನೀತ್ ರಾಜಕುಮಾರರು ಈ ನೀರಿನಲ್ಲಿ ಮುಳುಗಿದ್ದನ್ನು ನಾಡೆಲ್ಲ ನೋಡಿತು. ನಮ್ಮ ತರುಣರೂ ಅತ್ತ ಹೊರಟಿರುವರು. ಹೋಗುವವರು ಏನನ್ನು ಅರಿತು ಹೋಗಬೇಕೆಂಬುದನ್ನು ವಾಚಕರ ಮುಂದಿಡುವದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಹವಳದ ಮಾತು. ಅಕ್ಕಸಾಲಿಗರ ಅಂಗಡಿಯಲ್ಲಿ ಕಾಣುವ ಕೆಂಪು ಮಣಿಯನ್ನಷ್ಟೆ ನಾವು ಹವಳವೆಂದು ಬಲ್ಲೆವು. ಕಡಲಲ್ಲಿರುವ ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದೊಂದು ಪ್ರಾಣಿ. ಸಾಸಿವೆ ಕಾಳಿನಂತೆಯೋ ಕಡಲೆಯಂತೆಯೋ ಇರುವ ಅಸಂಖ್ಯ ಮೃದುಜೀವಿಗಳು ಒಂದನ್ನೊಂದು ಅಂಟಿಕೊಂಡು ಬದುಕುತ್ತ, ತಮ್ಮ ಕೆಳಗೆ ಸುಣ್ಣದ ಗೂಡನ್ನು ಕಟ್ಟುವವು. ಆ ಜೀವಿಗಳ ಮೈಯೊಳಗೆ ಅತಿ ಸೂಕ್ಷ್ಮವಾದ ಪಾಚಿಯು ವಾಸವಾಗಿದ್ದು, ಬಿಸಿಲಿನಿಂದ ಆಹಾರವನ್ನು ತಯಾರಿಸಿ ಮನೆಯ ಬಾಡಿಗೆಯನ್ನು ಸಲ್ಲಿಸುವದು. ಹವಳಕ್ಕೆ ಬಣ್ಣ ಬರುವದೂ ಬಹುಮಟ್ಟಿಗೆ ಈ ಪಾಚಿಯಿಂದಲೇ. ಆದುದರಿಂದಲೇ ನೀರು ತಿಳಿಯಾಗಿರಬೇಕು, ಬೆಚ್ಚಗಿರಬೇಕು; ಆದರೆ ಅತಿಯಾಗಿ ಕಾಯಬಾರದು. ಗುಂಡಾಗಿ ಬೆಳೆಯುವ ಹವಳವು ವರ್ಷಕ್ಕೆ ಕೆಲವು ಮಿಲಿಮೀಟರುಗಳಿಂದ ಎರಡು ಸೆಂಟಿಮೀಟರುಗಳವರೆಗೆ ಮಾತ್ರ ಬೆಳೆಯಬಲ್ಲದು. ಅಂದರೆ ಅಡಿ ಎತ್ತರದ ಒಂದು ಗುಂಡು ಒಬ್ಬ ಮನುಷ್ಯನ ಅರ್ಧಾಯುಷ್ಯದ ದುಡಿಮೆಯಾಗಿರಬಹುದು. ಜಗತ್ತಿನ ಸಮುದ್ರತಳದಲ್ಲಿ ಹವಳದ ನೆಲೆಗಳು ನೂರಕ್ಕೆ ಒಂದು ಪಾಲೂ ಇಲ್ಲ. ಕಡಲಜೀವಿಗಳ ಜಾತಿಗಳಲ್ಲಿಯಾದರೋ ಸುಮಾರು ಕಾಲುಭಾಗವು ಅವನ್ನೇ ಆಶ್ರಯಿಸಿರುವದು.

ನೇತ್ರಾಣಿಯ ಸುತ್ತ ಬಂಡೆಗಳಿಗೆ ಅಂಟಿ ಬೆಳೆದ ಇಂಥ ಹವಳವಿದೆ. ಅದರ ಸಂದುಗಳಲ್ಲಿ ಚಿಟ್ಟೆಮೀನು, ಗಿಳಿಯ ಕೊಕ್ಕಿನಂಥ ಬಾಯುಳ್ಳ ಗಿಳಿಮೀನು, ಬಿಲದೊಳಗಿಂದ ತಲೆ ಹಾಕುವ ಹಾವುಮೀನು, ಆಮೆ, ಸೀಗಡಿ, ಇವೆಲ್ಲ ವಾಸಿಸುವವು. ಕೆಲವೊಮ್ಮೆ ಮೀನುಗಳಲ್ಲೆಲ್ಲ ದೊಡ್ಡದೂ ಸಾಧುವೂ ಆದ ತಿಮಿಂಗಿಲ ಶಾರ್ಕು ಸಹ ಈ ನೀರಿನಲ್ಲಿ ಕಂಡದ್ದುಂಟು. ನೀರಿನ ಮೇಲೆ ಕಡಿದಾದ ಬಂಡೆಗಳಲ್ಲಿ ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟುವದು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಇಲ್ಲಿಯ ಮೀನುಗಳನ್ನು ಪರಿಶೀಲಿಸಿ, ಇದು ಸಂರಕ್ಷಿತ ಕಡಲಪ್ರದೇಶವಾಗಬೇಕೆಂದು 2008ರಲ್ಲಿಯೇ ಶಿಫಾರಸು ಮಾಡಿರುವರು.

ಇನ್ನು ಮುಳುಗುವ ವಿದ್ಯೆ. ಹಿಂದೆ ಕಡಲ ತಳಕ್ಕಿಳಿಯುವವನು ಲೋಹದ ಶಿರಸ್ತ್ರಾಣ ತೊಟ್ಟು, ದೋಣಿಯಿಂದ ಕೊಳವೆಯಲ್ಲಿ ಬರುವ ಗಾಳಿಯನ್ನು ನಂಬಿ ಇಳಿಯಬೇಕಾಗಿತ್ತು. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ತೋ ಎಂಬವರೂ, ಎಮಿಲ್ ಗಾನ್ಯಾ ಎಂಬ ಯಂತ್ರಶಾಸ್ತ್ರಜ್ಞರೂ ಕೂಡಿ, ಉಸಿರು ಎಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಗಾಳಿಯನ್ನು ಬಿಡುವ ಸಾಧನವನ್ನು ರೂಪಿಸಿದರು. ಅಂದಿನಿಂದ ಮುಳುಗುವವನು ಕೊಳವೆಯ ಬಂಧನದಿಂದ ಬಿಡುಗಡೆ ಹೊಂದಿದನು. ಸಿಲಿಂಡರಿನಲ್ಲಿರುವದು ಬರೀ ಆಮ್ಲಜನಕವೆಂದು ಹಲವರು ತಿಳಿದಿರುವರು. ಅದು ಸರಿಯಲ್ಲ; ಸಾಮಾನ್ಯವಾಗಿ ಅದರಲ್ಲಿರುವದು ನಾವು ನಿತ್ಯ ಉಸಿರಾಡುವ ಗಾಳಿಯೇ, ಸುಮಾರು 200 ಪಟ್ಟು ಒತ್ತಿ ತುಂಬಿದ್ದು.

ಈ ಗಾಳಿಯ ವ್ಯವಹಾರದಲ್ಲಿಯೇ ಅಪಾಯವೂ ಅಡಗಿದೆ. ನೀರಿನಲ್ಲಿ ಪ್ರತಿ 10 ಮೀಟರಿಗೆ ವಾಯುಮಂಡಲದ ಒಂದು ಪೂರ್ಣ ಒತ್ತಡವು ಮೈಮೇಲೆ ಹೆಚ್ಚುತ್ತ ಹೋಗುವದು. 10 ಮೀಟರು ಆಳದಲ್ಲಿ ಎದೆತುಂಬ ಉಸಿರೆಳೆದು, ಅದನ್ನು ಬಿಗಿಹಿಡಿದು ಮೇಲೆ ಬಂದರೆ, ಆ ಗಾಳಿಯು ಇಮ್ಮಡಿಯಾಗಿ ಉಬ್ಬಿ ಶ್ವಾಸಕೋಶವನ್ನು ಹರಿಯಬಲ್ಲದು. ಆದುದರಿಂದ ಈ ವಿದ್ಯೆಯ ಮೊದಲ ಸೂತ್ರವು ‘ಉಸಿರು ಕಟ್ಟಬಾರದು’ ಎಂಬುದು. ಬಾವಿಯಲ್ಲಿ ಉಸಿರು ಕಟ್ಟಿ ಮುಳುಗಿ ಅಭ್ಯಾಸವಾದ ನಮ್ಮ ಹುಡುಗರು ಇದನ್ನು ವಿಶೇಷವಾಗಿ ನೆನಪಿಡತಕ್ಕದ್ದು. ಎರಡನೆಯದು, ಮೆಲ್ಲಗೆ ಏರಬೇಕು. ನಿಮಿಷಕ್ಕೆ ಸುಮಾರು 9 ಮೀಟರಿನ ವೇಗವನ್ನು ಮೀರದಿರುವದು ಲೇಸು. ಒತ್ತಡದಲ್ಲಿ ರಕ್ತದೊಳಗೆ ಕರಗಿದ ಸಾರಜನಕವು ಅವಸರದಿಂದ ಏರಿದವನಲ್ಲಿ, ಗೋಲಿಸೋಡಾದ ಬಾಯಿ ತೆರೆದಂತೆ, ಗುಳ್ಳೆಗಟ್ಟುವದು. ಇದೇ ಕಾರಣದಿಂದ ಒಂದೇ ಸಲ ಮುಳುಗಿದವನೂ 12 ಗಂಟೆ ಕಳೆಯುವವರೆಗೆ ವಿಮಾನ ಹತ್ತಬಾರದೆಂಬ ನಿಯಮವಿದೆ. ಘಟ್ಟವೇರಿ ಸಮುದ್ರಮಟ್ಟಕ್ಕಿಂತ ಬಹಳ ಎತ್ತರದಲ್ಲಿರುವ ನಮ್ಮ ಊರುಗಳಿಗೆ ಮರಳುವವರೂ ಈ ವಿಷಯವನ್ನು ಶಿಕ್ಷಕನಲ್ಲಿ ಕೇಳಿಕೊಂಡೇ ಹೊರಡುವದು ಉಚಿತ.

ಶಿಕ್ಷಕನ ಕೈಹಿಡಿದು 12 ಮೀಟರಿನೊಳಗೆ ಒಮ್ಮೆ ಮುಳುಗಿ ನೋಡುವವನಿಗೆ ಈಸು ಬರಬೇಕೆಂಬ ಕಟ್ಟಳೆಯಿಲ್ಲ. ಆದರೆ ಪದವಿಪತ್ರ ಪಡೆದು ಸ್ವತಂತ್ರವಾಗಿ ಮುಳುಗಬೇಕೆನ್ನುವವನು 200 ಮೀಟರು ಈಸಿ, 10 ನಿಮಿಷ ತೇಲಿ ತೋರಿಸಬೇಕು. ಈ ಎರಡನೆಯ ಕಟ್ಟಳೆಯೇ ಸರ್ವರಿಗೂ ಯೋಗ್ಯವೆಂದು ನಮ್ಮ ಅಭಿಪ್ರಾಯ. 2024ರ ಡಿಸೆಂಬರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ದಂಡೆಯಲ್ಲಿಯೇ ಕಡಲಿನ ಪಾಲಾದರು. ಅವರು ಆಳಕ್ಕೆ ಹೋದವರಲ್ಲ; ನಮ್ಮ ಮಕ್ಕಳಂತೆಯೇ ಕಡಲನ್ನು ಕಾಣಬಂದ ಬಯಲುಸೀಮೆಯ ಮಕ್ಕಳು. ಹಿಂದೆ ನಮ್ಮ ಹಿರಿಯರು ಸೋರೆಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿ ಮಕ್ಕಳಿಗೆ ಬಾವಿಯಲ್ಲಿ ಈಸು ಕಲಿಸುತ್ತಿದ್ದರು. ಬಾವಿಗಳು ಬತ್ತಿ ಹೂತುಹೋದವು. ಅವುಗಳೊಡನೆ ಆ ವಿದ್ಯೆಯೂ ಹೋಯಿತು. ಮಕ್ಕಳನ್ನು ಸಮುದ್ರಕ್ಕೆ ಒಯ್ಯುವೆವು, ಆದರೆ ನೀರಿನ ಮರ್ಯಾದೆಯನ್ನು ಕಲಿಸಲಾರೆವು ಎಂದರೆ ಅದು ಎಂಥ ಶಿಕ್ಷಣ?

ಮನುಷ್ಯನಿಗೆ ಅಪಾಯವಿರುವಂತೆ ಮನುಷ್ಯನಿಂದ ಹವಳಕ್ಕೂ ಅಪಾಯವುಂಟು. ಬಹುವರ್ಷಗಳ ಕಾಲ ನೌಕಾದಳವು ಈ ದ್ವೀಪವನ್ನು ಗುಂಡಿನ ಗುರಿಯಾಗಿ ಬಳಸಿತು. ಸಿಡಿಯದ ಗುಂಡುಗಳು ಅಲ್ಲಿ ದೊರೆತದ್ದೂ ಉಂಟು. ರಾಷ್ಟ್ರರಕ್ಷಣೆಯ ಅಗತ್ಯವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಗುರಿಗೆ ಬೇರೆ ಬಂಡೆ ದೊರೆತೀತು, ಹವಳಕ್ಕೆ ಬೇರೆ ನೆಲೆ ದೊರೆಯಲಾರದು. ಇತ್ತ ವಿಹಾರಕ್ಕೆ ಬರುವ ದೋಣಿಗಳ ಲಂಗರು, ಹರಿದು ಸಿಕ್ಕಿಕೊಂಡ ಬಲೆ, ಹೊಸಬರ ಕಾಲಿನ ಒಂದು ಒದೆತ, ಇವೂ ಸಣ್ಣ ಗುಂಡುಗಳೇ. ಇವೆಲ್ಲಕ್ಕಿಂತ ದೊಡ್ಡದು ಕಡಲಿನ ಬಿಸಿ. ನೀರು ಮಿತಿಮೀರಿ ಕಾದಾಗ ಹವಳವು ತನ್ನೊಳಗಿನ ಪಾಚಿಯನ್ನು ಹೊರಗೆ ತಳ್ಳಿ ಬಿಳಿಚಿಕೊಳ್ಳುವದು. ಬಿಸಿ ಇಳಿಯದಿದ್ದರೆ ಹಸಿವೆಯಿಂದ ಸಾಯುವದು. ಜಗತ್ತಿನಾದ್ಯಂತ ಹವಳವು ಹೀಗೆ ಬಿಳಿಚುತ್ತಿರುವದು ನಾಲ್ಕನೆಯ ಸಲವೆಂದು 2024ರ ಏಪ್ರಿಲದಲ್ಲಿ ವಿಜ್ಞಾನಿಗಳು ಸಾರಿದರು. ಆ ಬಿಸಿಯನ್ನು ಒಂದು ತಾಲೂಕಾಗಲಿ ಒಂದು ಜಿಲ್ಲೆಯಾಗಲಿ ತಡೆಯಲಾರದು. ಆದುದರಿಂದಲೇ ಲಂಗರಿನ ಪೆಟ್ಟನ್ನಾದರೂ ತಡೆಯುವದು ನಮ್ಮ ಮೇಲಿರುವ ಹೊಣೆ. ಜ್ವರದಿಂದ ಬಳಲುವವನನ್ನು ಹೊಡೆಯುವದು ಯಾವ ಧರ್ಮ?

ಕಾನೂನು ಇಲ್ಲದಿಲ್ಲ. 1972ರ ವನ್ಯಜೀವಿ ಸಂರಕ್ಷಣ ಕಾಯದೆಯ ಮೊದಲ ಪಟ್ಟಿಗೆ 2001ರಲ್ಲಿ ಗಟ್ಟಿಹವಳವೂ ತಿಮಿಂಗಿಲ ಶಾರ್ಕೂ ಸೇರಿದವು. ಹವಳದ ಒಂದು ತುಣುಕನ್ನು ಮುರಿದು ತರುವದು ಹುಲಿಯ ಉಗುರು ತಂದಂತೆಯೇ ಅಪರಾಧ. ಕೊರತೆಯಿರುವದು ನೀರಿನ ಮೇಲಿನ ಜಾರಿಯಲ್ಲಿ. ಅಧಿಕಾರಿಗಳಲ್ಲಿ ನಮ್ಮ ಬಿನ್ನಹವಿಷ್ಟು: ದೋಣಿಗಳು ಲಂಗರು ಎಸೆಯದೆ ಹಗ್ಗ ಬಿಗಿಯುವಂತೆ ಸ್ಥಿರವಾದ ತೇಲುಗುಂಡುಗಳಿರಲಿ, ದಿನಕ್ಕೆ ಇಷ್ಟೇ ಜನವೆಂಬ ಮಿತಿಯಿರಲಿ, ಶಿಕ್ಷಕರ ಪದವಿಪತ್ರವನ್ನೂ ಸಲಕರಣೆಯ ಸ್ಥಿತಿಯನ್ನೂ ಆಗಾಗ ಪರೀಕ್ಷಿಸಲಿ, ಈ ನೀರನ್ನು ಬಲ್ಲ ಊರಿನ ಮೀನುಗಾರರಿಗೆ ಕಾವಲಿನಲ್ಲಿಯೂ ಆದಾಯದಲ್ಲಿಯೂ ಪಾಲು ದೊರೆಯಲಿ. ಮಳೆಗಾಲದ ನಾಲ್ಕು ತಿಂಗಳು ಕಡಲೇ ಬಾಗಿಲು ಹಾಕುವದು. ಉಳಿದ ಎಂಟು ತಿಂಗಳಿಗೆ ಮನುಷ್ಯನೇ ಕಟ್ಟಳೆ ಮಾಡಿಕೊಳ್ಳಬೇಕು.

ನಮ್ಮ ಊರಿನವರಿಗೂ ಒಂದು ಮಾತು. ತರುಣರು ಹೋಗಲಿ, ನಾಡಿನ ಸಂಪತ್ತನ್ನು ಕಣ್ಣಾರೆ ಕಾಣದವನು ಅದನ್ನು ಕಾಯಲಾರನು. ಆದರೆ ಕಲಿತು ಹೋಗಲಿ, ಮುಟ್ಟದೆ ನೋಡಿ ಬರಲಿ. ತಾಲೂಕಿಗೊಂದು ಈಜುಕೊಳ, ಕಲಿಸಲು ಒಬ್ಬ ಶಿಕ್ಷಕ, ಪ್ರವಾಸಕ್ಕೆ ಮುನ್ನ ಪ್ರತಿ ಶಾಲೆಯಲ್ಲಿ ಕಡಲಿನ ಕುರಿತು ಒಂದು ಪಾಠ, ಇಷ್ಟನ್ನು ನಡೆಸಲು ಪುರಸಭೆಗೂ ಶಾಲೆಗಳ ಆಡಳಿತ ಮಂಡಳಿಗಳಿಗೂ ಅಸಾಧ್ಯವೇನಿಲ್ಲ. ಬರುವ ಪ್ರವಾಸದ ಕಾಲಕ್ಕೆ ಮೊದಲೇ ಇದು ಆರಂಭವಾಗಬೇಕೆಂಬುದು ನಮ್ಮ ಆಗ್ರಹ.