ರಂಗನತಿಟ್ಟಿನ ದೋಣಿಯಲ್ಲಿ ಸದ್ದು ಬೇಡ

ನಾರಾಯಣಗೂಡ: ಅಮೆರಿಕದಲ್ಲಿ ಮಕ್ಕಳಿರುವ ನಮ್ಮ ಕನ್ನಡ ಬಂಧುಗಳು ಅಲಾಸ್ಕಾದ ಹಿಮನದಿಗಳ ಕರಾವಳಿಯಲ್ಲಿ ದೋಣಿವಿಹಾರ ಮಾಡಿ ಬಂದು, ಸೀಲ್, ತಿಮಿಂಗಿಲಗಳ ಫೋಟೊ ತೋರಿಸುತ್ತಾರೆ. ಅಷ್ಟು ದೂರ ಹೋಗಲಾರದ ನನ್ನಂಥ ಬ್ಯಾಂಕ್ ಗುಮಾಸ್ತರಿಗೆ ರಂಗನತಿಟ್ಟು ಇದೆ. ಕಾಚಿಗುಡದಲ್ಲಿ ಮೈಸೂರಿನ ರೈಲು ಹತ್ತಿದರಾಯಿತು.

ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿರುವ ಈ ತಾಣವನ್ನು ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿತು. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2022ರಲ್ಲಿ ಸೇರಿದ ಇದು, ಆ ಗೌರವ ಪಡೆದ ಕರ್ನಾಟಕದ ಮೊದಲ ತಾಣ.

ನಮ್ಮ ದೋಣಿ ಬಂಡೆಯೊಂದರ ಬಳಿ ಸರಿದಾಗ ಮೊಸಳೆ ಬಾಯಿ ತೆರೆದು ಬಿಸಿಲು ಕಾಯಿಸುತ್ತಿತ್ತು. ತಂಗಿಯ ಮಗನಿಗೆ ತೋರಿಸುವ ಸಂಭ್ರಮದಲ್ಲಿ ನಾನೇ ಜೋರಾಗಿ ಕೂಗಿದೆ. ಹುಟ್ಟು ಹಾಕುತ್ತಿದ್ದವರು ಮೆಲ್ಲಗೆ ಅಂದರು: "ಕೂಗಬೇಡಿ ಸ್ವಾಮಿ. ಹಕ್ಕಿ ಎದ್ದು ಹೋದ್ರೆ ಮೊಟ್ಟೆ ಬಿಸಿಲಿಗೆ ಬೀಳ್ತವೆ, ಕಾಗೆ ಬರ್ತವೆ." ತಲೆಯೆತ್ತಿದರೆ ಮರದ ತುಂಬ ಬಣ್ಣದ ಕೊಕ್ಕರೆಗಳ ಗೂಡುಗಳು! ನಾಚಿಕೆಯಾಯಿತು.

ಅಲಾಸ್ಕಾದಲ್ಲೂ ಇದೇ ಕಥೆ. ದೋಣಿ ತೀರ ಹತ್ತಿರ ಹೋದರೆ ಮಂಜುಗಡ್ಡೆಯ ಮೇಲೆ ಮಲಗಿದ ತಾಯಿ ಸೀಲ್ ಬೆದರಿ ನೀರಿಗಿಳಿಯುತ್ತದೆ, ಮರಿ ಒಂಟಿಯಾಗುತ್ತದೆ.

ಮುಂಗಾರಿನಲ್ಲಿ ಕೆ.ಆರ್.ಎಸ್.ನಿಂದ ಹೆಚ್ಚು ನೀರು ಬಿಟ್ಟರೆ ನಡುಗಡ್ಡೆಗಳು ಮುಳುಗಿ ದೋಣಿವಿಹಾರ ನಿಲ್ಲುತ್ತದೆ. 2019ರ ಆಗಸ್ಟ್‌ನಲ್ಲಿ ಹಾಗೆಯೇ ಆಗಿತ್ತು. ಆದ್ದರಿಂದ ಮಳೆಗಾಲದಲ್ಲಿ ವಿಚಾರಿಸಿಕೊಂಡೇ ಹೊರಡಿ. ಸಂಘದ ಸದಸ್ಯರು ಮಕ್ಕಳನ್ನು ತಪ್ಪದೆ ಕರೆದೊಯ್ಯಬೇಕು. ದೋಣಿಯಲ್ಲಿ ಮಾತ್ರ ಮಕ್ಕಳಿಗಿಂತ ಮೊದಲು ದೊಡ್ಡವರು ಬಾಯಿಗೆ ಬೀಗ ಹಾಕಬೇಕು.