ಕಳೆಗಿಡದ ಮೇಲೊಂದು ಪಾತರಗಿತ್ತಿ

ರೆಸ್ಯೂಮೆಯ ಕೊನೆಯಲ್ಲಿ ‘ಹವ್ಯಾಸಗಳು’ ಎಂಬ ಒಂದು ಸಾಲು ಇರುತ್ತದೆ. ನಮ್ಮಲ್ಲಿ ಬಹುತೇಕರು ಅಲ್ಲಿ ಹಾಡು ಕೇಳುವುದು, ಪುಸ್ತಕ ಓದುವುದು, ಕ್ರಿಕೆಟ್ ಎಂದು ತುಂಬಿಸಿ ಮುಂದೆ ಹೋಗುತ್ತೇವೆ. ಸೀನಿಯರ್ ಕಳಿಸಿದ ಫೈಲಿನಲ್ಲಿ ಹೆಸರು ಬದಲಾಯಿಸುವಾಗ ಆ ಸಾಲು ಇದ್ದಂತೆಯೇ ಉಳಿದುಬಿಡುವುದೂ ಉಂಟು. ನನ್ನ ರೆಸ್ಯೂಮೆಯಲ್ಲಿ ಅಲ್ಲಿರುವುದು ‘ಚಿಟ್ಟೆ ವೀಕ್ಷಣೆ’. ಓದಿದವರು ಮೊದಲು ನಗುತ್ತಾರೆ. ಆಮೇಲೆ, ‘ಅದರಿಂದ ಏನ್ ಸಿಗುತ್ತೆ?’ ಎಂದು ಕೇಳುತ್ತಾರೆ. ಈ ಬರಹ ಆ ಪ್ರಶ್ನೆಗೆ ನನ್ನ ಉತ್ತರ.

ನಾನು ತುಮಕೂರಿನಲ್ಲಿ ಬಿ.ಇ. ಮೂರನೇ ವರ್ಷದಲ್ಲಿದ್ದೇನೆ. ಚಿಟ್ಟೆ ನೋಡಬೇಕೆಂದರೆ ಪಶ್ಚಿಮಘಟ್ಟಕ್ಕೇ ಹೋಗಬೇಕು, ದುಬಾರಿ ಕ್ಯಾಮೆರಾ ಬೇಕು ಎಂದು ಅನೇಕರು ಅಂದುಕೊಂಡಿದ್ದಾರೆ. ಘಟ್ಟದಲ್ಲಿ ಮುನ್ನೂರಕ್ಕೂ ಹೆಚ್ಚು ಬಗೆಯ ಚಿಟ್ಟೆಗಳಿರುವುದು ನಿಜ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕೂಡ ಅಲ್ಲಿನದೇ. ಕಪ್ಪು ಮುಂದಿನ ರೆಕ್ಕೆ, ಹೊಳೆಯುವ ಹಳದಿ ಹಿಂದಿನ ರೆಕ್ಕೆಯ ಅದು ಮೈ ಬಿಚ್ಚಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ 14ರಿಂದ 19 ಸೆಂಟಿಮೀಟರ್! ಆದರೆ ಅಷ್ಟು ದೂರ ಹೋಗಲಾಗದವರಿಗೂ ಚಿಟ್ಟೆಗಳಿವೆ. ನನ್ನ ಹವ್ಯಾಸ ಶುರುವಾದದ್ದು ಕಾಲೇಜಿನ ವರ್ಕ್‌ಶಾಪಿನ ಹಿಂದಿನ ಖಾಲಿ ಜಾಗದಲ್ಲಿ. ಎಕ್ಕ, ತಂಗಡಿ, ಲಂಟಾನ, ಹೆಸರೇ ಗೊತ್ತಿಲ್ಲದ ಹುಲ್ಲುಗಳು ಬೆಳೆದ ಸುಮಾರು ಅರ್ಧ ಎಕರೆ. ಉಪಕರಣ ಎಂದರೆ ಜೇಬಿನಲ್ಲಿದ್ದ ಮೊಬೈಲ್ ಮತ್ತು ಇಪ್ಪತ್ತು ರೂಪಾಯಿಯ ನೋಟ್‌ಬುಕ್.

ಚಿಟ್ಟೆ ಹುಡುಕಲು ಕಣ್ಣು ಮೇಲಕ್ಕಿದ್ದರೆ ಸಾಲದು, ಗಿಡ ಗೊತ್ತಿರಬೇಕು. ಹೆಣ್ಣು ಚಿಟ್ಟೆ ಸಿಕ್ಕಸಿಕ್ಕ ಎಲೆಯ ಮೇಲೆ ಮೊಟ್ಟೆ ಇಡುವುದಿಲ್ಲ. ಕಾಲಿನಿಂದಲೇ ಎಲೆಯ ರುಚಿ ನೋಡಿ, ತನ್ನ ಮರಿಹುಳು ತಿನ್ನುವ ಗಿಡ ಇದೇ ಎಂದು ಖಾತ್ರಿಯಾದ ಮೇಲೆ ಇಡುತ್ತದೆ. ಪ್ಲೇನ್ ಟೈಗರ್‌ಗೆ ಎಕ್ಕ, ಕಾಮನ್ ಕ್ಯಾಸ್ಟರ್‌ಗೆ ಹರಳು, ಕಾಮನ್ ಎಮಿಗ್ರಂಟ್‌ಗೆ ಕಕ್ಕೆ, ಕಾಮನ್ ಕ್ರೋಗೆ ಕಣಗಿಲೆ. ಲೈಮ್ ಚಿಟ್ಟೆ ಮತ್ತು ಕಾಮನ್ ಮಾರ್ಮನ್‌ಗಳಿಗೆ ನಿಂಬೆ, ಕರಿಬೇವು.

ತಿಪಟೂರು ಕಡೆಯ ನಮ್ಮ ಮನೆಯ ಹಿತ್ತಿಲ ಕರಿಬೇವಿನ ಮೇಲೆ ಕಪ್ಪು-ಬಿಳಿ ಹುಳುಗಳನ್ನು ತೋರಿಸಿದಾಗ ಅಮ್ಮ, ‘ಅಯ್ಯೋ, ಹಕ್ಕಿ ಹಿಕ್ಕೆ ಅಂದ್ಕಂಡಿದ್ನಲ್ಲೋ’ ಎಂದರು. ಹಕ್ಕಿಗಳೂ ಹಾಗೇ ಅಂದುಕೊಳ್ಳಲಿ ಎಂಬುದೇ ಆ ಹುಳುವಿನ ಉಪಾಯ! ದೊಡ್ಡದಾದ ಮೇಲೆ ಅದು ಎಲೆಯ ಬಣ್ಣಕ್ಕೆ ತಿರುಗುತ್ತದೆ. ಈಗ ಅಮ್ಮ ಒಗ್ಗರಣೆಗೆ ಒಂದು ಕೊಂಬೆ, ಹುಳುವಿಗೆ ಒಂದು ಕೊಂಬೆ ಎಂದು ಪಾಲು ಮಾಡಿಟ್ಟಿದ್ದಾರೆ.

ಗುರುತಿಸುವುದು ಈ ಹವ್ಯಾಸದ ನಿಜವಾದ ಮಜಾ. ಮೊದಲು, ಎದುರಿಗಿರುವುದು ಚಿಟ್ಟೆಯೋ ಪತಂಗವೋ ಎಂದು ನೋಡಬೇಕು. ಚಿಟ್ಟೆಯ ಕುಡಿಮೀಸೆಯ ತುದಿ ಬೆಂಕಿಕಡ್ಡಿಯ ತಲೆಯಂತೆ ದಪ್ಪಗಿರುತ್ತದೆ. ಪತಂಗದ್ದು ಸಾಮಾನ್ಯವಾಗಿ ದಾರದಂತೆಯೋ ಗರಿಯಂತೆಯೋ ಇರುತ್ತದೆ. ಆಮೇಲೆ ರೆಕ್ಕೆಯ ಮೇಲ್ಭಾಗ, ಕೆಳಭಾಗ, ಚುಕ್ಕಿ, ಅಂಚು. ಹಲವು ಚಿಟ್ಟೆಗಳಿಗೆ ರೆಕ್ಕೆಯ ಎರಡು ಬದಿಯೂ ಬೇರೆ ಬೇರೆ. ಹಾಗಾಗಿ ಒಂದೇ ಫೋಟೊದಿಂದ ಹೆಸರು ಹೇಳುವುದು ಕಷ್ಟ.

ಇದರಲ್ಲಿ ವೇಷಗಾರರ ಕಾಟವೂ ಇದೆ. ಎಕ್ಕದ ಹಾಲಿನಲ್ಲಿರುವ ವಿಷವನ್ನು ಪ್ಲೇನ್ ಟೈಗರ್‌ನ ಹುಳು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ಅದು ಚಿಟ್ಟೆಯಾದ ಮೇಲೂ ಉಳಿಯುತ್ತದೆ. ಒಮ್ಮೆ ತಿಂದು ವಾಂತಿ ಮಾಡಿಕೊಂಡ ಹಕ್ಕಿ ಮತ್ತೆ ಆ ಕಿತ್ತಳೆ ಬಣ್ಣದ ತಂಟೆಗೆ ಹೋಗುವುದಿಲ್ಲ. ಡ್ಯಾನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣಿಗೆ ವಿಷವಿಲ್ಲ, ಆದರೆ ವೇಷ ಥೇಟು ಪ್ಲೇನ್ ಟೈಗರ್‌ನದೇ. ಹಿಂದಿನ ರೆಕ್ಕೆಯಲ್ಲಿ ಎದ್ದು ಕಾಣುವ ಒಂದೇ ಕಪ್ಪು ಚುಕ್ಕಿ ಇದ್ದರೆ ಎಗ್‌ಫ್ಲೈ. ಮಧ್ಯಭಾಗದಲ್ಲಿ ಮೂರೋ ನಾಲ್ಕೋ ಇದ್ದರೆ ಪ್ಲೇನ್ ಟೈಗರ್. ಕಾಮನ್ ಮಾರ್ಮನ್‌ನ ಹೆಣ್ಣು ಇನ್ನೂ ಒಂದು ಹೆಜ್ಜೆ ಮುಂದೆ. ಅದಕ್ಕೆ ಮೂರು ರೂಪ. ಒಂದು ಗಂಡಿನಂತೆ, ಇನ್ನೊಂದು ಕಾಮನ್ ರೋಸ್‌ನಂತೆ, ಮತ್ತೊಂದು ಕ್ರಿಮ್ಸನ್ ರೋಸ್‌ನಂತೆ. ಗೊಂದಲವಾದರೆ ರೆಕ್ಕೆ ಬಿಟ್ಟು ಮೈ ನೋಡಿ. ರೋಸ್‌ಗಳ ಮೈ ಕೆಂಪು, ಮಾರ್ಮನ್‌ನ ಮೈ ಕಪ್ಪು.

ಫೋಟೊ ತೆಗೆಯಲು ಬಿಸಿಲು ಏರುವ ಹೊತ್ತು, ಬೆಳಿಗ್ಗೆ ಎಂಟರಿಂದ ಹನ್ನೊಂದು ಒಳ್ಳೆಯದು. ಮೈ ಬೆಚ್ಚಗಾಗದೆ ಚಿಟ್ಟೆ ಹಾರಲಾರದು, ಹಾಗಾಗಿ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಾ ಕೂತಿರುತ್ತದೆ. ನಿಮ್ಮ ನೆರಳು ಅದರ ಮೇಲೆ ಬಿದ್ದರೆ ಮುಗಿಯಿತು, ಹಾರಿಹೋಗುತ್ತದೆ. ಬಗ್ಗಿ, ನಿಧಾನಕ್ಕೆ ಹತ್ತಿರವಾಗಬೇಕು. ಮೊಬೈಲನ್ನು ಮೂತಿಗೆ ಹಿಡಿಯುವ ಬದಲು ಸ್ವಲ್ಪ ದೂರದಿಂದ ಎರಡು ಪಟ್ಟು ಜೂಮ್ ಹಾಕಿ, ರೆಕ್ಕೆಗೆ ಸಮಾನಾಂತರವಾಗಿ ಹಿಡಿದರೆ ಇಡೀ ರೆಕ್ಕೆ ಸ್ಪಷ್ಟವಾಗಿ ಬರುತ್ತದೆ. ಮೊದಲು ದೂರದಿಂದಲೇ ಒಂದು ಫೋಟೊ ತೆಗೆದುಕೊಂಡು ಆಮೇಲೆ ಮುಂದೆ ಸರಿಯಿರಿ, ಹಾರಿದರೂ ಗುರುತಿಸಲು ಏನಾದರೂ ಇರುತ್ತದೆ. ಮಳೆಯ ನಂತರದ ಒದ್ದೆ ಮಣ್ಣನ್ನೂ ಗಮನಿಸಿ. ಉಪ್ಪಿನಂಶ ಹೀರಲು ಗಂಡು ಚಿಟ್ಟೆಗಳು ಅಲ್ಲಿ ಗುಂಪುಗೂಡುತ್ತವೆ. ಹಿಡಿಯುವ ಗೋಜಿಗೆ ಮಾತ್ರ ಹೋಗಬೇಡಿ. ಕೈಗೆ ಅಂಟುವ ಆ ಪುಡಿ ಬಣ್ಣವಲ್ಲ, ಹೆಂಚಿನಂತೆ ಜೋಡಿಸಿರುವ ರೆಕ್ಕೆಯ ಹುರುಪೆಗಳು. ಕೆಲವು ಚಿಟ್ಟೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ.

ಹೆಸರು ತಿಳಿಯಲು ಕೃಷ್ಣಮೇಘ ಕುಂಟೆ ಅವರ ‘ಬಟರ್‌ಫ್ಲೈಸ್ ಆಫ್ ಪೆನಿನ್ಸುಲರ್ ಇಂಡಿಯಾ’ (2000) ಪುಸ್ತಕವಿದೆ. ಐನ್ಯಾಚುರಲಿಸ್ಟ್ ಆ್ಯಪ್‌ಗೆ ಫೋಟೊ ಹಾಕಿದರೆ ಬಲ್ಲವರು ಹೆಸರು ಸೂಚಿಸುತ್ತಾರೆ. ದಿನಾಂಕ, ಜಾಗ ಸರಿಯಾಗಿದ್ದರೆ ನಮ್ಮ ಫೋಟೊ ಸಂಶೋಧಕರಿಗೂ ಮಾಹಿತಿಯಾಗುತ್ತದೆ. ರಜೆಯಲ್ಲಿ ದೇವರಾಯನದುರ್ಗಕ್ಕೋ, 2006ರಲ್ಲಿ ಶುರುವಾದ ಬನ್ನೇರುಘಟ್ಟದ ಚಿಟ್ಟೆ ಉದ್ಯಾನಕ್ಕೋ ಹೋಗಿಬಂದರೆ ಕಲಿಕೆ ಇನ್ನೂ ಬೇಗ ಆಗುತ್ತದೆ.

ನೋಟ್‌ಬುಕ್ ಯಾಕೆ ಬೇಕು ಎಂಬುದು ನನಗೆ ಪೂರ್ತಿ ತಿಳಿದದ್ದು ಕಳೆದ ವರ್ಷ. ಕಾಲೇಜಿಗೆ ಪರಿಶೀಲನಾ ಸಮಿತಿ ಬರುವುದಿತ್ತು. ಕ್ಯಾಂಪಸ್ ‘ನೀಟಾಗಿ’ ಕಾಣಲೆಂದು ವರ್ಕ್‌ಶಾಪಿನ ಹಿಂದಿನ ಜಾಗಕ್ಕೆ ಜೆಸಿಬಿ ಇಳಿಯಿತು. ಉಳಿದ ಬೇರುಗಳಿಗೆ ಕಳೆನಾಶಕ ಹೊಡೆದರು. ಎರಡು ದಿನದಲ್ಲಿ ಅರ್ಧ ಎಕರೆ ಕೆಂಪು ನೆಲವಾಯಿತು. ಅದಕ್ಕೂ ಹಿಂದಿನ ಹತ್ತು ತಿಂಗಳಲ್ಲಿ ನಾನೂ ಇಬ್ಬರು ಗೆಳೆಯರೂ ಅಲ್ಲಿ 43 ಬಗೆ ಬರೆದುಕೊಂಡಿದ್ದೆವು. ನಂತರದ ಒಂದು ತಿಂಗಳಲ್ಲಿ ಕಂಡದ್ದು 9. ಅವೂ ಬಹುಪಾಲು ಹಾದುಹೋಗುವಂಥವು.

ಸಿಟ್ಟು ಬಂದಿತ್ತು. ಆದರೆ ಸಿಟ್ಟಿಗಿಂತ ಪಟ್ಟಿ ಹೆಚ್ಚು ಕೆಲಸ ಮಾಡಿತು. ಯಾವ ಚಿಟ್ಟೆ, ಯಾವ ತಿಂಗಳು, ಯಾವ ಗಿಡದ ಮೇಲೆ ಎಂದು ಒಂದು ಎಕ್ಸೆಲ್ ಹಾಳೆ ಮಾಡಿ, ಫೋಟೊ ಸಮೇತ ಪ್ರಾಂಶುಪಾಲರ ಬಳಿಗೆ ಹೋದೆವು. ಅವರು ಪುಟ ತಿರುವಿ, ‘ಇಷ್ಟೆಲ್ಲಾ ನಮ್ಮ ಕಾಲೇಜಲ್ಲೇ ಇದ್ವೇನ್ರಪ್ಪಾ?’ ಎಂದರು. ಮರುಕ್ಷಣವೇ, ‘ಗಿಡಗಂಟಿ ಬಿಟ್ಟು ಹಾಸ್ಟೆಲಿಗೆ ಹಾವು ಬಂದ್ರೆ ಯಾರು ಹೊಣೆ?’ ಎಂದೂ ಕೇಳಿದರು. ಅದು ತೆಗೆದುಹಾಕುವಂಥ ಪ್ರಶ್ನೆಯಲ್ಲ. ಹಾಸ್ಟೆಲಿನಿಂದ ದೂರವಿರುವ ಹಿಂದಿನ ಕಾಂಪೌಂಡ್ ಗೋಡೆಯುದ್ದಕ್ಕೂ ಹತ್ತು ಅಡಿ ಅಗಲದ ಪಟ್ಟಿಯನ್ನಷ್ಟೇ ಬಿಡಿ, ಅಲ್ಲಿ ಔಷಧ ಹೊಡೆಯಬೇಡಿ ಎಂದು ಕೇಳಿದೆವು. ಉಳಿದ ಜಾಗ ಪಾರ್ಕಿಂಗ್‌ಗೆ ಹೋಯಿತು. ಪಟ್ಟಿ ನಮಗೆ ಸಿಕ್ಕಿತು.

ಆ ಪಟ್ಟಿಯಲ್ಲಿ ನಾವು ನೆಟ್ಟದ್ದು ಬಹಳ ಇಲ್ಲ. ನಾಲ್ಕು ಕರಿಬೇವು, ಎರಡು ನಿಂಬೆ, ಒಂದು ಕಕ್ಕೆ. ಎಕ್ಕ ತಾನಾಗಿಯೇ ಚಿಗುರಿತು. ಗಿಡ ಸವರಲು ಬರುವ ಮಾಲಿ ಅಣ್ಣ ಮೊದಮೊದಲು ನಮ್ಮನ್ನು ವಿಚಿತ್ರವಾಗಿ ನೋಡುತ್ತಿದ್ದವರು, ಈಗ ‘ತಮ್ಮಾ, ಎಕ್ಕದಾಗೆ ಪಟ್ಟೆ ಹುಳ ಬಂದೈತೆ ನೋಡು’ ಎಂದು ಅವರೇ ಕರೆಯುತ್ತಾರೆ. ಪ್ಲೇನ್ ಟೈಗರ್ ಬಂದಿತು, ಲೈಮ್ ಬಂದಿತು, ಕ್ರಿಮ್ಸನ್ ರೋಸ್ ಹಾದುಹೋಯಿತು. ಎಣಿಕೆ ಈಗ 26ಕ್ಕೆ ತಲುಪಿದೆ.

ಇದರಿಂದ ಕೆಲಸ ಸಿಗುತ್ತದೆಯೇ? ಚಿಟ್ಟೆ ನೋಡಿ ಆಫರ್ ಲೆಟರ್ ಪಡೆದವರನ್ನು ನಾನು ಕಂಡಿಲ್ಲ. ಆದರೆ ಒಂದೇ ಚುಕ್ಕಿಗಾಗಿ ಇಪ್ಪತ್ತು ನಿಮಿಷ ಅಲ್ಲಾಡದೆ ಕೂರುವುದು, ಕಂಡದ್ದನ್ನಷ್ಟೇ ಬರೆಯುವುದು, ಬರೆದದ್ದನ್ನು ಮುಂದಿಟ್ಟು ಹಿರಿಯರೊಂದಿಗೆ ಮಾತಾಡುವುದು, ಇವನ್ನು ಯಾವ ಸೆಮಿಸ್ಟರೂ ನನಗೆ ಕಲಿಸಿರಲಿಲ್ಲ. ಪರೀಕ್ಷೆ, ಪ್ಲೇಸ್‌ಮೆಂಟ್ ಎಂದು ತಲೆ ಬಿಸಿಯಾದ ದಿನ ಒಂದು ಗಂಟೆ ಆ ಗೋಡೆಯ ಪಕ್ಕ ಕೂತು ಬಂದರೆ ಓದು ಹತ್ತುತ್ತದೆ. ನನಗೆ ಅಷ್ಟು ಸಾಕು.

ನಿಮ್ಮ ಕಾಲೇಜಿನ ಹಿಂದೆಯೂ, ಪಿಜಿಯ ಪಕ್ಕದ ಖಾಲಿ ಸೈಟಿನಲ್ಲೂ ಇಂಥದ್ದೊಂದು ತುಂಡು ನೆಲ ಇದ್ದೇ ಇರುತ್ತದೆ. ಬರುವ ಭಾನುವಾರ ಒಂದು ಗಂಟೆ ಅಲ್ಲಿ ನಿಂತು ನೋಡಿ, ಕಂಡದ್ದನ್ನು ಬರೆದಿಡಿ. ನೆಲ ಹೋದ ಮೇಲೆ ಪಟ್ಟಿ ಮಾಡಲಾಗುವುದಿಲ್ಲ.

ನಮ್ಮ ಪಟ್ಟಿಗೆ ಡ್ಯಾನೈಡ್ ಎಗ್‌ಫ್ಲೈ ಇನ್ನೂ ಮರಳಿಲ್ಲ. ಅದರ ಹುಳು ತಿನ್ನುವುದು ಗೋಣಿಸೊಪ್ಪು, ನಮ್ಮ ಮನೆಗಳಲ್ಲಿ ಮಸ್ಸೊಪ್ಪಿಗೆ ಹಾಕುವ ಅದೇ ಸೊಪ್ಪು. ಈಚಿನ ಮಳೆಗೆ ಅದು ಗೋಡೆಯ ಬುಡದಲ್ಲಿ ಚಿಗುರಿದೆ. ಕೀಳಬೇಡಿ ಎಂದು ಮಾಲಿ ಅಣ್ಣನಿಗೆ ಹೇಳಿದ್ದೇವೆ.